ಪೊಟ್ಟಣದ ಜೊತೆ ಪ್ರಾರ್ಥನೆಯನ್ನೂ ಕೊಡಬಹುದೆ?

ಹಸಿದವರಿಗೆ ಅನ್ನ ಕೊಡಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಅನ್ನದ ಜೊತೆ ದೇವರನ್ನೂ ಕೊಡಬಹುದಾ ಅಂತ ಕೇಳಿ ನೋಡಿ, ಜಗಳ ಶುರುವಾಗುತ್ತೆ. ಅಂಥದೊಂದು ಜಗಳ ನಮ್ಮ ಪುಟ್ಟ ಗುಂಪಿನಲ್ಲೂ ಆಯಿತು. ಅದು ಇನ್ನೂ ಪೂರ್ತಿ ಮುಗಿದಿಲ್ಲ. ಮುಗಿಯದ ಜಗಳವೇ ಯೋಚನೆಗೆ ಒಳ್ಳೆಯದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾವು ಎಂಟು ಜನ. ಶನಿವಾರ ರಾತ್ರಿ ಹತ್ತರ ನಂತರ ಬೆಂಗಳೂರಿನ ಮೆಜೆಸ್ಟಿಕ್, ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ ಸುತ್ತಮುತ್ತ ರಸ್ತೆ ಬದಿಯಲ್ಲಿ ಮಲಗುವವರಿಗೆ ಊಟ ತೆಗೆದುಕೊಂಡು ಹೋಗುತ್ತೇವೆ. ಸಂಘ, ಟ್ರಸ್ಟು, ಬ್ಯಾನರು ಯಾವುದೂ ಇಲ್ಲ. ಒಬ್ಬರ ಮನೆಯಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ ತಯಾರಾಗುತ್ತದೆ, ವ್ಯಾನು ಇನ್ನೊಬ್ಬರದು, ಉಳಿದವರದು ಕೈಕಾಲು. ಈ ಎಂಟರಲ್ಲಿ ಒಬ್ಬ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ನನ್ನ ಸಹೋದ್ಯೋಗಿ. ಇನ್ನೊಬ್ಬರು, ದೇವರ ಹೆಸರು ಕೇಳಿದರೆ ಹುಬ್ಬು ಗಂಟಿಕ್ಕುವ ನಿವೃತ್ತ ಮೇಷ್ಟ್ರು. ಇಬ್ಬರು ವರ್ಷಕ್ಕೊಮ್ಮೆ ಮಾಲೆ ಹಾಕಿ ಶಬರಿಮಲೆಗೆ ಹೋಗುವವರು. ನಾನು ಇವರ ಮಧ್ಯೆ ಎಲ್ಲೋ ಇದ್ದೇನೆ. ಸಂಕಟ ಬಂದಾಗ ವೆಂಕಟರಮಣ ಅನ್ನುವ ಪೈಕಿ.

ಸಹೋದ್ಯೋಗಿ ಒಂದು ಸಲ ಕೇಳಿದ: "ಊಟ ಕೊಡೋ ಮುಂಚೆ ಒಂದೇ ಒಂದು ನಿಮಿಷ ಎಲ್ಲರ ಜೊತೆ ನಿಂತು ಪ್ರಾರ್ಥನೆ ಮಾಡಬಹುದಾ? ಯಾವ ದೇವರ ಹೆಸರೂ ಹೇಳಲ್ಲ ಬೇಕಾದ್ರೆ."

ಮೇಷ್ಟ್ರು ತಕ್ಷಣ, "ನಾವು ಬಂದಿರೋದು ಹೊಟ್ಟೆಗೆ ಕೊಡೋಕಪ್ಪಾ, ಅವರ ತಲೆಗೆ ಕೈ ಹಾಕೋಕಲ್ಲ" ಅಂದರು.

ಅವನೂ ಬಿಡಲಿಲ್ಲ. "ಬರೀ ಹೊಟ್ಟೆ ಅಂದ್ಕೊಂಡು ಕೊಡೋದೂ ಅವಮಾನವೇ ಸಾರ್. ಹೊಟ್ಟೆಗೆ ಹಾಕೋದಾದ್ರೆ ಬೀದಿನಾಯಿಗೂ ಹಾಕ್ತೀವಿ."

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಕಷ್ಟ ಇರುವುದೇ ಅಲ್ಲಿ.

ಮೊದಲು, ನಾವು ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದನ್ನು ಹೇಳಿಬಿಡುತ್ತೇನೆ. ಫುಟ್‌ಪಾತಿನಲ್ಲಿ ಮಲಗುವವರೆಲ್ಲ ಭಿಕ್ಷುಕರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಮೂರಕ್ಕೆ ಎದ್ದು ತರಕಾರಿ ಮೂಟೆ ಇಳಿಸುವ ಹಮಾಲಿ ಅಲ್ಲೇ ಮಲಗಿರುತ್ತಾನೆ. ಕಲ್ಯಾಣ ಮಂಟಪದಲ್ಲಿ ಎಂಜಲೆಲೆ ಎತ್ತುವ ಹೆಂಗಸು ಅಲ್ಲೇ ಇರುತ್ತಾಳೆ. ಚಿಂದಿ ಆಯುವವರು, ಕೇಟರಿಂಗಿನವರ ಜೊತೆ ಬಡಿಸಲು ಹೋಗುವ ಹುಡುಗರು, ರಾಯಚೂರು ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಮೇಸ್ತ್ರಿ ಕೈಕೊಟ್ಟವರು, ಮಕ್ಕಳು ಹೊರಗೆ ಹಾಕಿದ ಮುದುಕರು. ದುಡಿದ ದುಡ್ಡಿನಲ್ಲಿ ಊಟ ಆಗುತ್ತೆ, ಬಾಡಿಗೆ ಆಗಲ್ಲ. ಅಷ್ಟೇ.

2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಸುಮಾರು 17.7 ಲಕ್ಷ ಜನ ಮನೆಯಿಲ್ಲದವರು. ಮನೆ ಇರುವವರನ್ನು ಎಣಿಸಲು ಫೆಬ್ರವರಿ 9ರಿಂದ 28ರವರೆಗೆ ಸುಮಾರು ಮೂರು ವಾರ ಇತ್ತು. ಮನೆ ಇಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ಆ ರಾತ್ರಿ ಎಲ್ಲಿ ಮಲಗಿದ್ದರೋ ಅದೇ ಅವರ ವಿಳಾಸ. ಇಡೀ ಹತ್ತು ವರ್ಷಕ್ಕೆ ಒಂದು ರಾತ್ರಿ!

ಇನ್ನೊಂದು ವಿಷಯ ಗೊತ್ತಿರಬೇಕು. ರಾತ್ರಿ ಹೊತ್ತು ವ್ಯಾನು ಬಂದು ನಿಂತರೆ ಎಲ್ಲರೂ ಊಟಕ್ಕೆ ಓಡಿ ಬರುವುದಿಲ್ಲ. ಕೆಲವರು ಗಂಟು ಕಂಕುಳಲ್ಲಿ ಇಟ್ಟುಕೊಂಡು ಕತ್ತಲಿಗೆ ಸರಿಯುತ್ತಾರೆ. ಯಾಕೆ? ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಭಿಕ್ಷೆ ಬೇಡುವುದು ಇಲ್ಲಿ ಅಪರಾಧ. ಹಿಡಿದವರನ್ನು ಗಾಡಿಯಲ್ಲಿ ತುಂಬಿಕೊಂಡು ಮಾಗಡಿ ರಸ್ತೆಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ನೀವು ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಉಪಕರವೂ ಸೇರಿರುತ್ತದೆ, ರಸೀದಿ ತೆಗೆದು ನೋಡಿ. ಹಾಗಾಗಿ ನಮ್ಮ ವ್ಯಾನು ಅವರ ಕಣ್ಣಿಗೆ ಮೊದಲು ಊಟದ ವ್ಯಾನಾಗಿ ಕಾಣುವುದಿಲ್ಲ. ಹಿಡಿಯುವವರೋ, ಕೊಡುವವರೋ ಅಂತ ತಿಳಿಯುವ ತನಕ ಅವರಿಗೆ ಎರಡೂ ಒಂದೇ. ಇಂಥ ಜಾಗದಲ್ಲಿ ನಿಂತು "ಬನ್ನಿ, ಎಲ್ಲರೂ ಕೈಮುಗಿಯೋಣ" ಅಂದರೆ ಅವರ ಕಿವಿಗೆ ಅದು ಕರೆಯಂತೆ ಕೇಳಿಸುತ್ತದೋ, ಅಪ್ಪಣೆಯಂತೆ ಕೇಳಿಸುತ್ತದೋ? ನೀವೇ ಹೇಳಿ.

ಪ್ರಾರ್ಥನೆಗೆ ನನ್ನ ಮೊದಲ ಆಕ್ಷೇಪ ಇದೇ. ಪ್ರಾರ್ಥನೆ ಕೆಟ್ಟದ್ದು ಅಂತಲ್ಲ. ಹಸಿದವನಿಗೆ "ಬೇಡ" ಅನ್ನುವ ಸ್ವಾತಂತ್ರ್ಯ ಇರುವುದಿಲ್ಲ. ಬೇಡ ಅನ್ನಲಾಗದವನು ಹೇಳುವ "ಆಮೆನ್" ಆಗಲಿ "ಗೋವಿಂದಾ" ಆಗಲಿ ಆ ದೇವರಿಗಾದರೂ ಯಾಕೆ ಬೇಕು?

ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಗೊತ್ತಲ್ಲ, ಆತ ಲಂಡನ್ನಿನ ಬೀದಿ ಅಲೆಯುವವರ ಜೊತೆ ತಾನೂ ಅಲೆದು ಒಂದು ಪುಸ್ತಕ ಬರೆದ, 'ಡೌನ್ ಅಂಡ್ ಔಟ್ ಇನ್ ಪ್ಯಾರಿಸ್ ಅಂಡ್ ಲಂಡನ್'. 1933ರಲ್ಲಿ ಬಂದದ್ದು. ಅದರಲ್ಲಿ ಧರ್ಮದ ಚಹಾದ ಪ್ರಸಂಗಗಳಿವೆ. ಚಹಾ, ಬನ್ನು ಪುಕ್ಕಟೆ. ಕುಡಿದಾದ ಮೇಲೆ ಪ್ರಾರ್ಥನೆಗೆ ಕೂರಬೇಕು, ಎದ್ದು ಹೋಗುವ ಹಾಗಿಲ್ಲ. ಒಂದು ಚರ್ಚಿನಲ್ಲಂತೂ ಚಹಾ ಕುಡಿದವರು ಮೇಲೆ ಕೂತು ಕೇಕೆ ಹಾಕಿ, ನಕ್ಕು, ಪ್ರಾರ್ಥನೆಯನ್ನೇ ಗೇಲಿ ಮಾಡುತ್ತಾರೆ. ಅದೇ ಪುಸ್ತಕದಲ್ಲಿ ಇನ್ನೊಬ್ಬ ಪಾದ್ರಿ ಬರುತ್ತಾನೆ. ನಾಚಿಕೆ ಸ್ವಭಾವದ ಹುಡುಗ. ನದಿ ದಂಡೆಯಲ್ಲಿ ಸಾಲಾಗಿ ನಿಂತವರಿಗೆ ಬೇಗ ಬೇಗ ಊಟದ ಚೀಟಿ ಕೊಟ್ಟು, ಕೃತಜ್ಞತೆಗೂ ಕಾಯದೆ ಹೊರಟು ಹೋಗುತ್ತಾನೆ. ಜನ ಮನಸಾರೆ ಮೆಚ್ಚಿಕೊಂಡದ್ದು ಅವನನ್ನೇ.

ಇಲ್ಲಿ ಒಂದು ವಿಷಯ ಗಮನಿಸಿ. ಚರ್ಚಿನಲ್ಲಿ ಚಹಾ ಮೊದಲು, ಪ್ರಾರ್ಥನೆ ಆಮೇಲೆ. ಅಂದರೆ "ಮೊದಲು ಊಟ ಕೊಟ್ಟು ಆಮೇಲೆ ಪ್ರಾರ್ಥನೆ ಮಾಡಿಸಿದರೆ ತಪ್ಪೇನು" ಅನ್ನುವ ವಾದ ನಿಲ್ಲುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕಿಂತ ಬಾಗಿಲು ತೆರೆದಿದೆಯಾ ಅನ್ನುವುದು ದೊಡ್ಡ ಪ್ರಶ್ನೆ. ಉಂಡು ಎದ್ದು ಹೋಗಬಹುದಾ? ಹೋದವನಿಗೆ ಮುಂದಿನ ಶನಿವಾರವೂ ಅಷ್ಟೇ ನಗುಮುಖದಲ್ಲಿ ಪೊಟ್ಟಣ ಸಿಗುತ್ತಾ?

ನಮ್ಮ ಭಾಷೆಯಲ್ಲಂತೂ ಈ ಬಾಗಿಲು ಇನ್ನೂ ಕಿರಿದು. ಇಂಗ್ಲೆಂಡಿನ ಅಲೆಮಾರಿ ಚಹಾ ಕುಡಿದು ಗೇಲಿ ಮಾಡಿದ. ನಮ್ಮವರಿಗೆ ಅದು ಆಗುವುದಿಲ್ಲ. ನಮ್ಮಲ್ಲಿ ಅನ್ನಕ್ಕೆ ಋಣ ಇದೆ. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಹಾಲು ಕುಡಿಯುವಾಗಲೇ ಕಲಿತು ಬಂದವರು ನಾವು. ಉಪ್ಪು ತಿಂದವರು ಬಾಯಿ ಬಿಡಬಾರದು. ಹೀಗಿರುವಾಗ ಪೊಟ್ಟಣ ಕೈಗೆ ಕೊಟ್ಟ ಮರುಕ್ಷಣ ನೀವು ಏನು ಕೇಳಿದರೂ ಅದು ಸಾಲಗಾರನ ಹತ್ತಿರ ಕೇಳಿದ ಹಾಗೆ. ಕಣ್ಣು ಮುಚ್ಚಿ ಅಂದರೆ ಮುಚ್ಚುತ್ತಾರೆ. ಈ ದೇವರು ದೊಡ್ಡವನು ಅನ್ನಿ ಅಂದರೆ ಅನ್ನುತ್ತಾರೆ. ಅದನ್ನು ಭಕ್ತಿ ಅಂತ ಎಣಿಸುವವರ ಲೆಕ್ಕ ತಪ್ಪು. ಅದು ಬಡ್ಡಿ.

ಹಾಗಂತ ಮೇಷ್ಟ್ರ ಪಕ್ಷ ಪೂರ್ತಿ ಗೆದ್ದಿತು ಅಂದುಕೊಳ್ಳಬೇಡಿ.

ದೇವರ ಹೆಸರೇ ಎತ್ತದೆ ಊಟ ಹಂಚುವವರನ್ನೂ ಅದೇ ರಸ್ತೆಯಲ್ಲಿ ನೋಡಿದ್ದೇನೆ. ಕಾರು ನಿಲ್ಲುತ್ತದೆ. ನಾಲ್ಕು ಜನ ಇಳಿಯುತ್ತಾರೆ. ಮಲಗಿದವರನ್ನು ಎಬ್ಬಿಸುತ್ತಾರೆ. ಪೊಟ್ಟಣವನ್ನು ಅರ್ಧ ಕೊಟ್ಟು ಅರ್ಧ ತಮ್ಮ ಕೈಯಲ್ಲೇ ಹಿಡಿದು ಫೋನಿನ ಕಡೆ ನಗುತ್ತಾರೆ. ಒಂದು ಸಲ ಸರಿ ಬರದಿದ್ದರೆ ಇನ್ನೊಂದು ಸಲ. ಐದು ನಿಮಿಷಕ್ಕೆ ಕಾರು ಹೊರಟುಹೋಗುತ್ತದೆ. ಒಮ್ಮೆ ಕಲಾಸಿಪಾಳ್ಯದಲ್ಲಿ ಉತ್ತರ ಕರ್ನಾಟಕದ ಕಡೆಯ ಅಜ್ಜಿಯೊಬ್ಬಳು ಪೊಟ್ಟಣ ಹಿಡಿದುಕೊಂಡು ಹಾಗೇ ಕೂತಿದ್ದಳು. ನಾನು ಹತ್ತಿರ ಹೋದಾಗ, ಅವರ ಕಡೆಯವನೇ ಅಂದುಕೊಂಡು, "ಫೋಟೋ ಆತೇನಪಾ? ಇನ್ನ ಉಣ್ಲೇನು?" ಅಂತ ಕೇಳಿದಳು.

ಆ ಮಾತಿಗೆ ಏನು ಹೇಳುತ್ತೀರಿ? ಫೋಟೋ ಕೂಡ ಒಂದು ಬಗೆಯ ಕಡ್ಡಾಯ ಪ್ರಾರ್ಥನೆಯೇ. ಕೈಮುಗಿ ಅನ್ನುವ ಬದಲು ಈ ಕಡೆ ನೋಡು ಅನ್ನುತ್ತಾರೆ. ಪಾದ್ರಿ, ಪೂಜಾರಿ ಯಾರೂ ಇಲ್ಲದೆಯೂ ಅನ್ನಕ್ಕೆ ಬೆಲೆ ಕಟ್ಟಬಹುದು ಅಂತ ಆಯಿತಲ್ಲ.

ಇನ್ನು ನನ್ನ ಸಹೋದ್ಯೋಗಿಯ ವಿಷಯ. ಅವನು ನೆಲದ ಮೇಲೆ ಕೂರುತ್ತಾನೆ. ಪ್ಯಾಂಟು ಕೊಳೆಯಾಗುತ್ತೆ ಅಂತ ನೋಡುವುದಿಲ್ಲ. ಕಾಲಿನ ಗಾಯ ಒಣಗಿದೆಯಾ ಅಂತ ಬ್ಯಾಟರಿ ಬೆಳಕು ಬಿಟ್ಟು ನೋಡುತ್ತಾನೆ. ಯಾರ ಹೆಸರು ಏನು, ಯಾರ ಮಗಳಿಗೆ ಹೆರಿಗೆ ಆಯಿತು, ಯಾರ ಕಂಬಳಿಯನ್ನು ಯಾರು ಕದ್ದರು, ಎಲ್ಲ ಅವನಿಗೆ ಗೊತ್ತು. ಹೇಗೆ ಇಷ್ಟು ನೆನಪಿಟ್ಟುಕೊಳ್ತೀಯೋ ಅಂತ ಕೇಳಿದ್ದಕ್ಕೆ, "ರಾತ್ರಿ ಮನೆಗೆ ಹೋಗಿ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡ್ತೀನಿ, ಮರೆಯೋಕೆ ಹೇಗೆ ಸಾಧ್ಯ?" ಅಂದ. ಜನಗಣತಿಯವರು ಒಂದು ರಾತ್ರಿ ಎಣಿಸಿ ಹೋದವರನ್ನು ಇವನು ವಾರವಾರವೂ ಹೆಸರು ಹಿಡಿದು ನೆನೆಯುತ್ತಾನೆ. ಇದಕ್ಕೆ ಮೇಷ್ಟ್ರೂ ಸುಮ್ಮನಾದರು. ಯಾರಿಗೂ ಹೊರೆಯಾಗದ, ಯಾರಿಂದಲೂ ಏನೂ ಕೇಳದ ಈ ಪ್ರಾರ್ಥನೆಗೆ ಆಕ್ಷೇಪ ಹೇಳುವುದು ಹೇಗೆ?

ಹಾಗಾದರೆ ಅನ್ನ, ದೇವರು ಎರಡೂ ಒಂದೇ ಜಾಗದಲ್ಲಿ ಇರಲು ಆಗುತ್ತದೆ. ಹೇಗೆ ಅಂತ ನೋಡಬೇಕಾದರೆ ಬೆಂಗಳೂರಿನಲ್ಲೇ ಹಲಸೂರು ಕೆರೆ ಪಕ್ಕದ ಗುರುದ್ವಾರಕ್ಕೆ ಹೋಗಿ ಬನ್ನಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ನೆಲದ ಮೇಲೆ ಸಾಲಿನಲ್ಲಿ ಕೂತರೆ ರೊಟ್ಟಿ, ದಾಲ್ ಬರುತ್ತದೆ. ನೀನು ಯಾರು, ಯಾವ ದೇವರು ಅಂತ ಯಾರೂ ಕೇಳಲ್ಲ. ಒಳಗೆ ಕೀರ್ತನೆ ನಡೆಯುತ್ತಿರುತ್ತದೆ, ಬೇಕಾದರೆ ಕೇಳಿ, ಬೇಡವಾದರೆ ಉಂಡು ಹೋಗಿ. ಮೂರನೆಯ ಗುರು ಅಮರದಾಸರು ಮೊದಲು ಪಂಕ್ತಿ, ಆಮೇಲೆ ಭೇಟಿ ಅನ್ನುವ ನಿಯಮ ಇಟ್ಟಿದ್ದರು ಅಂತ ಸಿಖ್ಖರ ಪರಂಪರೆ ಹೇಳುತ್ತದೆ. ರಾಜನೇ ಬರಲಿ, ಮೊದಲು ಎಲ್ಲರ ಜೊತೆ ನೆಲದಲ್ಲಿ ಕೂತು ಉಣ್ಣಬೇಕು. ನಮ್ಮ ಶರಣರ ದಾಸೋಹದ ಕಲ್ಪನೆಯೂ ಹತ್ತಿರದ್ದೇ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನು ದಾಸ. ಹೆಸರಲ್ಲೇ ಇದೆ. ಅದೇ ನಾಡಿನಲ್ಲಿ ಪಂಕ್ತಿಭೇದ ಅನ್ನುವ ಶಬ್ದವೂ ಹುಟ್ಟಿತು ಅನ್ನುವುದನ್ನೂ ಮರೆಯಬಾರದು. ದೇವರ ಹೆಸರಿನಲ್ಲಿ ಎಲೆ ಹಾಕುವುದು ಸುಲಭ, ಒಂದೇ ಸಾಲಿನಲ್ಲಿ ಹಾಕುವುದು ಕಷ್ಟ.

ಲಂಗರಿನಲ್ಲಿ, ದಾಸೋಹದಲ್ಲಿ ಕೊಡುವವನೂ ಅದೇ ಅನ್ನವನ್ನು ಅದೇ ನೆಲದ ಮೇಲೆ ಕೂತು ಉಣ್ಣುತ್ತಾನೆ. ಅಲ್ಲಿಗೆ ಋಣದ ಭಾರ ಅರ್ಧ ಇಳಿಯಿತು. ವ್ಯಾನಿನಲ್ಲಿ ಬಂದು ಹೋಗುವ ನಮಗೂ ಅವರಿಗೂ ಇರುವ ಅಂತರ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ನಾವು ರಾತ್ರಿ ಹನ್ನೆರಡಕ್ಕೆ ಮನೆಗೆ ಹೋಗಿ ಚಿಲಕ ಹಾಕಿಕೊಂಡು ಮಲಗುತ್ತೇವಲ್ಲ.

ಇನ್ನು, ನಾವು ದೇವರನ್ನು ಹೊತ್ತುಕೊಂಡು ಹೋಗಬೇಕು ಅನ್ನುವ ಯೋಚನೆಯಲ್ಲೇ ಒಂದು ಅಹಂಕಾರ ಇದೆ. ಅಲ್ಲಿ ದೇವರಿಲ್ಲ ಅಂತ ಯಾರು ಹೇಳಿದರು? ಮಾರ್ಕೆಟ್ಟಿನ ಹತ್ತಿರ ಒಬ್ಬ ಹಮಾಲಿ ಪೊಟ್ಟಣ ಮುಟ್ಟಲಿಲ್ಲ. ಯಾಕಣ್ಣಾ ಅಂದರೆ, "ಇವತ್ತು ಶನಿವಾರ ಅಲ್ವಾ, ಒಪ್ಪತ್ತು. ಮಧ್ಯಾಹ್ನ ಆಯ್ತು. ಆ ಹುಡುಗನಿಗೆ ಎರಡು ಕೊಡಿ" ಅಂದ. ತಲೆ ಮೇಲೆ ಸೂರಿಲ್ಲ, ವ್ರತ ಬಿಟ್ಟಿಲ್ಲ! ಅವನಿಗೆ ಹೋಗಿ ನಾವು ಯಾವ ಪ್ರಾರ್ಥನೆ ಹೇಳಿಕೊಡುವುದು? ಫೋಟೋ ಆತೇನಪಾ ಅಂತ ಕೇಳಿದ ಅಜ್ಜಿ ಕೂಡ ಅಷ್ಟೆ. ಫೋಟೋ ಇಲ್ಲ, ಉಣ್ಣಮ್ಮಾ ಅಂದ ಮೇಲೆ ಪೂರ್ತಿ ಉಂಡು, ಕೈ ತೊಳೆದು, "ನಿನ್ನ ಮಕ್ಕಳ ಹೊಟ್ಟಿ ತಣ್ಣಗಿರ್ಲಿ" ಅಂದಳು. ಯಾರೂ ಕೇಳಿರಲಿಲ್ಲ.

ನನಗೆ ಹೊಳೆದದ್ದು ಇಷ್ಟು. ನಮ್ಮ ಪದ್ಧತಿಯಲ್ಲಿ ಊಟದ ಪ್ರಾರ್ಥನೆ ಹೇಳುವವರು ಬಡಿಸಿದವರಲ್ಲ, ಉಂಡವರು. ಉಂಡು ಎದ್ದವರು "ಅನ್ನದಾತಾ ಸುಖೀಭವ" ಅನ್ನುತ್ತಾರೆ. ಬಡಿಸಿದವರು ತಲೆ ತಗ್ಗಿಸಿ ಅದನ್ನು ಸ್ವೀಕರಿಸುತ್ತಾರೆ. ಋಣ ತೀರುವುದು ಹಾಗೆ. ಕೈಯಲ್ಲಿ ಕಾಸಿಲ್ಲದವನು ಕೂಡ ಹರಸಬಲ್ಲ. ಅವನ ಹತ್ತಿರ ವಾಪಸ್ ಕೊಡಲು ಇರುವುದು ಅದೊಂದೇ. ನಾವು ಪೊಟ್ಟಣದ ಜೊತೆ ಪ್ರಾರ್ಥನೆಯನ್ನೂ ನಾವೇ ಹೇಳಿಬಿಟ್ಟರೆ ಅದನ್ನೂ ಅವನಿಂದ ಕಿತ್ತುಕೊಂಡ ಹಾಗೆ. ಅನ್ನವೂ ನಮ್ಮದೇ, ದೇವರೂ ನಮ್ಮವನೇ, ಹರಕೆಯೂ ನಮ್ಮದೇ. ಅವನಿಗೆ ಉಳಿಯುವುದು ಬರೀ ತೆಗೆದುಕೊಳ್ಳುವ ಕೆಲಸ. ಹಾಗೆ ತೆಗೆದುಕೊಳ್ಳುತ್ತಲೇ ಇರಬೇಕಾದ ಮನುಷ್ಯ ಒಳಗೊಳಗೇ ಕುಗ್ಗಿ ಹೋಗುತ್ತಾನೆ.

ಇದೇ ಕಾರಣಕ್ಕೆ ನನಗೆ ಇಂದಿರಾ ಕ್ಯಾಂಟೀನ್ ಇಷ್ಟ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ರಾಜಕೀಯ ಏನೇ ಇರಲಿ, ಐದು ರೂಪಾಯಿ ಕೊಟ್ಟು ಇಡ್ಲಿ ತಿಂದವನು ಯಾರಿಗೂ ಸಾಲಗಾರನಲ್ಲ. ಕಣ್ಣು ಮುಚ್ಚಬೇಕಿಲ್ಲ, ಕ್ಯಾಮೆರಾ ನೋಡಬೇಕಿಲ್ಲ. ಸಾಂಬಾರು ನೀರಾಗಿದೆ ಅಂತ ಬೈಯಬಹುದು. ಬೈಯುವ ಹಕ್ಕು ಸಣ್ಣದಲ್ಲ. ನಮ್ಮ ಚಿತ್ರಾನ್ನಕ್ಕೆ ಉಪ್ಪು ಕಮ್ಮಿಯಾಗಿದ್ದರೂ ಯಾರೂ ನಮಗೆ ಹೇಳುವುದಿಲ್ಲ, ಗಮನಿಸಿದ್ದೀರಾ?

ಪ್ರಾರ್ಥನೆಯ ಇನ್ನೊಂದು ಅಪಾಯವನ್ನೂ ಹೇಳಲೇಬೇಕು. ಅನ್ನಕ್ಕೂ ಆ ಅಪಾಯ ಉಂಟು. ಎರಡೂ ನಮ್ಮ ಮನಸ್ಸಿಗೆ ಬೇಗ ಸಮಾಧಾನ ತರುತ್ತವೆ. ಹಬ್ಬದ ದಿನ, ಯಾರದೋ ಹುಟ್ಟುಹಬ್ಬದ ದಿನ ಒಂದೇ ರಸ್ತೆಗೆ ಮೂರು ಗುಂಪು ಬಂದು ಕೊಟ್ಟ ಬಿರಿಯಾನಿ ಬೆಳಗ್ಗೆ ಚರಂಡಿ ಪಕ್ಕ ಬಿದ್ದಿರುತ್ತದೆ. ಮಂಗಳವಾರ ಅದೇ ರಸ್ತೆಗೆ ಯಾರೂ ಬರುವುದಿಲ್ಲ. ಏನು ಬೇಕು ಅಂತ ಕೇಳಿದರೆ ಅವರು ಹೇಳುವುದರಲ್ಲಿ ಊಟ ಎಷ್ಟೋ ಸಲ ಮೊದಲು ಬರುವುದೇ ಇಲ್ಲ. ರಾತ್ರಿ ಹೊತ್ತು ಹೆಂಗಸರಿಗೆ ಶೌಚಾಲಯ. ಗಂಟು ಇಟ್ಟು ಕೆಲಸಕ್ಕೆ ಹೋಗಲು ಒಂದು ಜಾಗ. ಆಧಾರ್ ಕಾರ್ಡಿಗೆ ಒಂದು ವಿಳಾಸ. ಮಳೆ ಬಂದರೆ ಓಡಿಹೋಗಲು ಒಂದು ಸೂರು.

2010ರಲ್ಲಿ ದೆಹಲಿಯ ಚಳಿಯಲ್ಲಿ ಮನೆಯಿಲ್ಲದವರು ಸತ್ತ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ದಿನವಿಡೀ ತೆರೆದಿರುವ ಆಶ್ರಯ ಕೇಂದ್ರ ಇರಬೇಕು ಅಂತ ನ್ಯಾಯಾಲಯ ಹೇಳಿತು. 2011ರಲ್ಲೇ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು. ಆ ಹಳೆಯ ಲೆಕ್ಕಕ್ಕೇ ಎಂಬತ್ತಕ್ಕಿಂತ ಹೆಚ್ಚು ಕೇಂದ್ರ ಬೇಕು. ನಿಮ್ಮ ವಾರ್ಡಿನ ಅಕ್ಕಪಕ್ಕ ಒಂದಾದರೂ ಇದೆಯಾ ಅಂತ ವಿಚಾರಿಸಿ. ದೇವರ ಹತ್ತಿರ "ಇವರಿಗೊಂದು ಸೂರು ಕೊಡಪ್ಪಾ" ಅಂತ ಕೇಳುವವರು ಪಾಲಿಕೆಯ ಕಚೇರಿಯಲ್ಲೂ ಅದನ್ನು ಕೇಳಬೇಕು. ಕೇಳದೆ ಬರೀ ದೇವರ ಹತ್ತಿರ ಬಿಟ್ಟರೆ, ಪ್ರಾರ್ಥನೆ ಅನ್ನುವುದು ನಮ್ಮ ಕೆಲಸವನ್ನು ಇನ್ನೊಬ್ಬನ ತಲೆಗೆ ಕಟ್ಟುವ ಉಪಾಯ ಆಗುತ್ತದೆ.

ಹಾಗಾದರೆ ಮನೆಯಿಲ್ಲದವರ ಜೊತೆ ಎಂದಿಗೂ ಪ್ರಾರ್ಥನೆ ಮಾಡಬಾರದಾ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಸ್ ನಿಲ್ದಾಣದ ಹತ್ತಿರ, ಕೆಮ್ಮಿ ಕೆಮ್ಮಿ ಸೋತಿದ್ದ ಒಬ್ಬ ಮನುಷ್ಯ ನನ್ನ ಸಹೋದ್ಯೋಗಿಯ ಕೈ ಹಿಡಿದು, "ಸ್ವಲ್ಪ ಹೊತ್ತು ಕೂತ್ಕೊಂಡು ಏನಾದ್ರೂ ದೇವರ ಮಾತು ಹೇಳಣ್ಣಾ, ಒಬ್ಬನೇ ಇದ್ರೆ ಹೆದರಿಕೆ ಆಗುತ್ತೆ" ಅಂದ. ಅವನ ಕೊರಳಲ್ಲಿ ಮಂಜುನಾಥಸ್ವಾಮಿಯ ಬಿಲ್ಲೆ ಇತ್ತು. ಸಹೋದ್ಯೋಗಿ ಒಂದು ಕ್ಷಣ ಅದನ್ನು ನೋಡಿದ. ಆಮೇಲೆ, "ಮಂಜುನಾಥ ಕಾಪಾಡ್ತಾನೆ ಬಿಡಣ್ಣಾ" ಅಂದು ಕೈ ಹಿಡಿದುಕೊಂಡೇ ಕೂತ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು! ಪಕ್ಕದಲ್ಲಿ ನಮ್ಮ ಮೇಷ್ಟ್ರು ಆಂಬುಲೆನ್ಸಿಗೆ 108 ಒತ್ತುತ್ತಿದ್ದರು. ಆ ರಾತ್ರಿ ಅವರಿಬ್ಬರ ನಡುವೆ ಜಗಳ ಇರಲಿಲ್ಲ. ಒಬ್ಬ ಕೇಳಿದ್ದಕ್ಕೆ, ಅವನ ದೇವರ ಹೆಸರಿನಲ್ಲಿ, ಕೈ ಹಿಡಿದು ಹೇಳಿದ ಮಾತದು. ಅದನ್ನು ಬೇಡ ಅನ್ನಲು ಯಾವ ತರ್ಕಕ್ಕೆ ಧೈರ್ಯ ಬರುತ್ತದೆ?

ಈಗ ನಮ್ಮಲ್ಲಿ ಬರೆಯದ ಒಂದು ಕಟ್ಟಳೆ ಇದೆ. ಮಲಗಿದವರನ್ನು ಎಬ್ಬಿಸುವುದಿಲ್ಲ. ಕೊಡುವಾಗ ದೇವರ ಮಾತು ಇಲ್ಲ, ಫೋಟೋ ಇಲ್ಲ. ಕೊಟ್ಟ ಮೇಲೆ ತಕ್ಷಣ ಹೊರಡುವುದೂ ಇಲ್ಲ. ಕೂರಿಸಿಕೊಂಡರೆ ಕೂರುತ್ತೇವೆ. ಪ್ರಾರ್ಥನೆ ಕೇಳಿದರೆ ಸಹೋದ್ಯೋಗಿ ಇದ್ದಾನೆ, ಅರ್ಜಿ ಬರೆಯಬೇಕಾದರೆ ಮೇಷ್ಟ್ರು ಇದ್ದಾರೆ. ಎರಡನೆಯದಕ್ಕೇ ಬೇಡಿಕೆ ಜಾಸ್ತಿ ಅಂತ ಮೇಷ್ಟ್ರಿಗೆ ಒಳಗೊಳಗೇ ಖುಷಿ. ಜಗಳ ಮಾತ್ರ ಮುಗಿದಿಲ್ಲ. ವಾಪಸ್ ಬರುವಾಗ ವ್ಯಾನಿನಲ್ಲಿ ವಾರವಾರವೂ ಒಂದು ಸುತ್ತು ಆಗುತ್ತದೆ.

ನೀವೂ ಯಾವತ್ತಾದರೂ ಪೊಟ್ಟಣ ಹಿಡಿದು ಹೊರಡುವವರಾದರೆ ಒಂದು ಮಾತು. ಕೊಟ್ಟ ಮೇಲೆ ಎರಡು ನಿಮಿಷ ಸುಮ್ಮನೆ ನಿಂತಿರಿ. ಹೇಳಬೇಕು ಅನ್ನಿಸಿದರೆ ಅವರೇ ಏನಾದರೂ ಹೇಳುತ್ತಾರೆ. ಆ ಮಾತು ಹೇಳುವುದು ಅವರ ಹಕ್ಕು. ಹೇಳದೆ ಮಗ್ಗುಲಾಗಿ ಮಲಗುವುದೂ ಅವರ ಹಕ್ಕೇ.